ನೆಮ್ಮದಿಗಾ ಉಂದಿ

ಮಾತು ಕಡಿಮೆ ಇರುವ ಹೆಣ್ಣುಮಕ್ಕಳನ್ನು ಹೊಗಳುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಚಳ್ಳಕೆರೆಯ ನಮ್ಮ ಬೀದಿಯಲ್ಲಿ ಅಕ್ಕನಿಗೆ ಆ ಹೊಗಳಿಕೆ ಬೇಕಾದಷ್ಟು ಸಿಕ್ಕಿತ್ತು. ಊಟಕ್ಕೆ ಕೂತಾಗ ನನ್ನ ಕಿವಿಯಲ್ಲಿ ಏನೋ ಉಸುರಿ, ತಾನು ಮಾತ್ರ ಗಂಭೀರವಾಗಿದ್ದು, ನಗು ತಡೆಯಲಾರದ ನನಗೆ ಅಪ್ಪನಿಂದ ಬೈಸುತ್ತಿದ್ದಳು. ಅದು ಬೀದಿಗೆ ಗೊತ್ತಿರಲಿಲ್ಲ.

ಮೊಳಕಾಲ್ಮೂರಿಗೆ ಮದುವೆಯಾಗಿ ಹೋದಳು. ರೇಷ್ಮೆ ಸೀರೆ ನೇಯುವ ಮನೆ, ಮನೆಮಾತು ತೆಲುಗು. ಅವಳ ಅತ್ತೆ ಒಳ್ಳೆಯ ಹೆಂಗಸು, ಈಗಲೂ ಹಾಗೇ ಹೇಳುತ್ತೇನೆ. ಫೋನಿನಲ್ಲಿ ಅಕ್ಕ 'ಹೂಂ', 'ಊಟ ಆಯ್ತು' ಬಿಟ್ಟು ಹೆಚ್ಚು ಆಡುತ್ತಿರಲಿಲ್ಲ. ಅದಕ್ಕೆ ಅವ್ವ ಅವಳ ಅತ್ತೆಯನ್ನೇ ಕೇಳುತ್ತಿದ್ದಳು.

"ನಮ್ ಹುಡುಗಿ ಹೆಂಗಿದಾಳ್ರಿ?"

"ನೆಮ್ಮದಿಗಾ ಉಂದಮ್ಮಾ."

ಫೋನಿಟ್ಟು ಅವ್ವ ದೇವರಿಗೆ ಕೈಮುಗಿಯುತ್ತಿದ್ದಳು. "ನೆಮ್ಮದಿಯಾಗಿದಾಳಂತೆ ಕಣೇ. ಇನ್ನೇನ್ ಬೇಕು?"

ಒಂದು ಮಧ್ಯಾಹ್ನ ನಾವಿಬ್ಬರೂ ಹೇಳದೆ ಕೇಳದೆ ಅಲ್ಲಿಗೆ ಹೋದೆವು. ಅಕ್ಕ ಮಗ್ಗದ ಪಕ್ಕದ ಮೂಲೆಯಲ್ಲಿ ಕೂತಿದ್ದಳು. ತಲೆ ಬಾಚಿರಲಿಲ್ಲ, ಮುಂದಿನ ತಟ್ಟೆಯಲ್ಲಿ ಅನ್ನ ಒಣಗಿತ್ತು. ನಮ್ಮನ್ನು ನೋಡಿ, ಯಾರೋ ಬಂದರು ಅನ್ನುವಂತೆ ಮತ್ತೆ ತಲೆ ತಗ್ಗಿಸಿದಳು.

"ನೆಮ್ಮದಿಯಾಗಿದಾಳೆ ಅಂದ್ರಲ್ರಿ," ಅಂತ ಅವ್ವ ಅತ್ತುಬಿಟ್ಟಳು.

ಅತ್ತೆ ಪೆಚ್ಚಾದರು. "ಹೌದಲ್ಲಮ್ಮಾ. ಮಾತಿಲ್ಲ, ಜಗಳ ಇಲ್ಲ, ಎಲ್ಲಾ ನಿಧಾನ. ಮೊದ್ಲಿಂದ ಹಂಗೇ ಅಂತ ನೀವೇ ಹೇಳಿದ್ರಲ್ಲ."

ಅವರ ತೆಲುಗಿನಲ್ಲಿ ನೆಮ್ಮದಿ ಅಂದರೆ ಮೆತ್ತಗೆ, ನಿಧಾನ. ನಮ್ಮ ಕನ್ನಡದಲ್ಲಿ ಸುಖ. ಒಂದೇ ಪದ ಹಿಡಿದುಕೊಂಡು ಎರಡು ಮನೆಯವರೂ ನಿಶ್ಚಿಂತೆಯಿಂದ ಇದ್ದೆವು, ಅವಳು ನಡುವೆ ಕರಗಿಹೋಗುತ್ತಿದ್ದಳು.

ಡಾಕ್ಟರು ಖಿನ್ನತೆ ಅಂದರು. ಯಾವಾಗಿನಿಂದ ಹೀಗೆ, ಮೊದಲು ಹೇಗಿದ್ದರು ಅಂತ ಕೇಳಿದರು. ಅವಳ ಸ್ವಭಾವ ಎಲ್ಲಿಗೆ ಮುಗಿದು ಕಾಯಿಲೆ ಎಲ್ಲಿಂದ ಶುರುವಾಯಿತು ಅಂತ ಯಾರಿಗೂ ತಿಳಿದಿರಲಿಲ್ಲ.

ಈಗ ಅಕ್ಕ ನಮ್ಮ ಜೊತೆಗೇ ಇದ್ದಾಳೆ. ಮಾತ್ರೆ ನುಂಗುತ್ತಾಳೆ, ಹೇಳಿದರೆ ಉಣ್ಣುತ್ತಾಳೆ. ಮನೆಗೆ ಬಂದವರು "ಎಷ್ಟು ಸೌಮ್ಯ" ಅನ್ನುತ್ತಾರೆ. ಅಂಥವರಿಗೆ ನಾನು ಕಾಫಿ ಕೊಡುವುದಿಲ್ಲ.

ಮೊನ್ನೆ ಊಟಕ್ಕೆ ಕೂತಾಗ ತಾನಾಗಿಯೇ ಕೇಳಿದಳು. "ನಾನು ಮೊದ್ಲಿಂದ್ಲೂ ಹಿಂಗೇ ಇದ್ನೇನೆ?"

"ಇಲ್ಲ ಕಣಕ್ಕ. ನನ್ ಕಿವೀಲಿ ಏನೇನೋ ಹೇಳಿ ನಗಿಸ್ತಿದ್ದೆ."

"ಏನ್ ಹೇಳ್ತಿದ್ದೆ?"

ನಾನು ನಕ್ಕಿದ್ದು ನೆನಪಿತ್ತು, ಅಪ್ಪ ಬೈದಿದ್ದು ನೆನಪಿತ್ತು. ಅವಳ ಮಾತು ಮಾತ್ರ ಒಂದೂ ನೆನಪಿಗೆ ಬರಲಿಲ್ಲ. ಅಕ್ಕ ತುತ್ತು ಕೈಯಲ್ಲೇ ಹಿಡಿದುಕೊಂಡು, ನನ್ನ ಬಾಯಿಯ ಹತ್ತಿರಕ್ಕೆ ಕಿವಿ ತಂದು ಕಾಯುತ್ತಿದ್ದಳು.