ಕರುಣಾಕರನ ಇದ್ದಿಲು
ಬೆಳುವಾಯಿಯ ಶೀನಪ್ಪನ ಇದ್ದಿಲಂಗಡಿಗೆ ಕರುಣಾಕರ ಕಾಲಿಟ್ಟನೆಂದರೆ, ಹೊರಗೆ ಕಾರಿನಲ್ಲಿ ಕುಳಿತ ಹೆಂಡತಿ ಕಾಂತಿಯ ಪಿತ್ತ ನೆತ್ತಿಗೇರುತ್ತದೆ. ಹೆಣ್ಣು ನೋಡಲು ಬಂದಾಗ ತನ್ನನ್ನೂ ಈ ಮನುಷ್ಯ ಇಷ್ಟು ಹೊತ್ತು ನೋಡಿರಲಿಲ್ಲ. ಗೋಣಿಯೊಳಗೆ ಮೊಣಕೈವರೆಗೆ ಕೈ ಹಾಕಿ, ಎರಡು ತುಂಡು ತೆಗೆದು, ಒಂದಕ್ಕೊಂದು ಬಡಿದು ಕಿವಿಗೊಡುತ್ತಾನೆ. ಠಣ್ಣೆಂದರೆ ಬುಟ್ಟಿಗೆ, ಇಲ್ಲವಾದರೆ ವಾಪಸು ಗೋಣಿಗೆ. “ಗೆರಟೆ ಮಸಿ ಉಂಟು, ಕೋಳಿ ಬೇಗ ಆಗ್ತದೆ” ಎಂದು ಶೀನಪ್ಪ ತೆಂಗಿನ ಚಿಪ್ಪಿನ ಇದ್ದಿಲು ತೋರಿಸಿದರೆ ಅವಮಾನವಾದವನಂತೆ ಮುಖ ತಿರುಗಿಸುತ್ತಾನೆ. ಅವನಿಗೆ ಹುಣಸೆ ಮರದ್ದೇ ಬೇಕು, ಅದೂ ದಪ್ಪ ತುಂಡು, ನಿಧಾನ ಉರಿಯುವಂಥದ್ದು. “ಮಾರಾಯ್ರೆ, ಅದು ಕೋಳಿ ಸುಡ್ಲಿಕ್ಕೆ, ಮೂಗುತಿಯ ಹರಳಲ್ಲ” ಎಂದು ಕಾಂತಿ ಕೂಗಿದರೂ ಕೇಳುವುದಿಲ್ಲ. ಭಾನುವಾರ ಅಂಗಳದಲ್ಲಿ ಕೆಂಡ ತುಂಬಿದ ಡ್ರಮ್ಮಿಗೆ ಮುಚ್ಚಳ ಹಾಕಿ, ಇಡೀ ಕೋಳಿಯನ್ನು ಹೊಗೆಯಲ್ಲಿ ಬೇಯಿಸುತ್ತಾ, ಬಂದವರ ಹೊಟ್ಟೆ ಚುರುಗುಟ್ಟಿದರೂ “ಈಗ ಆಗ್ತದೆ, ಕೂತ್ಕೊಳ್ಳಿ” ಎನ್ನುತ್ತಾನೆ. ಬರುವವರು ಅವನ ಇಬ್ಬರು ಅಣ್ಣಂದಿರು. ಜಾಗ ಪಾಲಾದ ಮೇಲೆ ಪರಸ್ಪರ ಮಾತು ಬಿಟ್ಟವರು. ಕಾದು ಕಾದು ಬೇಸತ್ತು, ಕೊನೆಗೆ ತಮ್ಮನನ್ನು ಬೈಯುವುದಕ್ಕಾದರೂ ಒಬ್ಬರ ಹತ್ತಿರ ಒಬ್ಬರು ಬಾಯಿ ಬಿಡುತ್ತಾರೆ. ಹಿಂದಿನ ಸಲ ರೇಗಿದ ಕಾಂತಿ ತಾನೇ ಹೋಗಿ ಗೆರಟೆ ಮಸಿ ತಂದಿದ್ದಳು. ಕೋಳಿ ಬೇಗ ಬೆಂದಿತು. ಅಣ್ಣಂದಿರು ತಟ್ಟೆಯಿಂದ ತಲೆಯೆತ್ತದೆ ಉಂಡು, ತಮ್ಮ ತಮ್ಮ ಬೈಕ್ ಹತ್ತಿ ಹೋದರು. ಕರುಣಾಕರ ಖಾಲಿ ಕುರ್ಚಿಗಳ ನಡುವೆ ಕೆಂಡ ಆರುವವರೆಗೂ ಕೂತಿದ್ದ. ಈ ಸಲ ಕಾಂತಿ ಗೊಣಗುತ್ತಲೇ ಕಾರಿನಿಂದಿಳಿದು ಬಂದು, ಅವನ ಬುಟ್ಟಿಯಿಂದ ಎರಡು ತುಂಡು ಎತ್ತಿ ಬಡಿದು ಕೇಳಿ, ಒಂದನ್ನು ಗೋಣಿಗೆ ಎಸೆದಳು: “ಇದು ಬೇಡ, ಬೇಗ ಉರೀತದೆ.”