ಶೇಂಗಾ ಹೊಲಕ್ಕೆ ಕಟ್ಟಿದ ಬ್ಯಾಟಿ ಕ್ಯಾಮೆರಾ

ಕೊಪ್ಪಳ ಜಿಲ್ಲೆಯಾದ ವರ್ಷವೇ ನಮ್ಮ ಹೊಲಕ್ಕೆ ಮೊದಲ ಸಲ ಹಂದಿ ಬಂತು. ಆಗ ಕ್ಯಾಮೆರಾ ಗೀಮೆರಾ ಇರಲಿಲ್ಲ. ಸಂಜೆ ಬೇವಿನ ಟೊಂಗೆ ಮುರಿದುಕೊಂಡು ಹೊಲದ ದಾರಿಯ ಉಸುಕನ್ನು ಹಸನಾಗಿ ಗುಡಿಸಿ ಬರುತ್ತಿದ್ದೆ. ಬೆಳಿಗ್ಗೆ ಹೋಗಿ ನೋಡಿದರೆ ಯಾರು ಬಂದರು, ಎತ್ತ ಹೋದರು, ಎಲ್ಲ ಉಸುಕಿನ ಮೇಲೆ ಮೂಡಿರುತ್ತಿತ್ತು. ನಾನು ಕಲಿತದ್ದು ಎರಡನೇ ಇಯತ್ತೆ. ಹಂದಿಯ ಹೆಜ್ಜೆ ಓದಲಿಕ್ಕೆ ಅಷ್ಟು ಧಾರಾಳವಾಯಿತು. ಆಮೇಲೆ ಸೊಂಟ ಬಗ್ಗದಾಯಿತು, ಗುಡಿಸುವುದನ್ನು ಬಿಟ್ಟೆ.

ಈಗ ಕೆಲವು ವರ್ಷಗಳ ಹಿಂದೆ ಹಂದಿ ಮತ್ತೆ ಬಂತು. ಶೇಂಗಾ ಕಾಯಿ ಬಲಿಯುವ ಹೊತ್ತು. ದಿನಾ ಬೆಳಿಗ್ಗೆ ಒಂದು ಸಾಲು ಬುಡಮೇಲಾಗಿರುತ್ತಿತ್ತು. ಬೇವೂರು ಕಡೆಯ ಮಳೆ ನಂಬಿದ ಭೂಮಿ ನಮ್ಮದು, ವರ್ಷಕ್ಕೊಂದೇ ಬೆಳೆ. ಆ ಶೇಂಗಾ ಹೋದರೆ ವರ್ಷದ ಎಣ್ಣೆ, ಚಟ್ನಿ, ಮುಂದಿನ ಬಿತ್ತನೆಯ ಬೀಜ ಎಲ್ಲಾ ಹೋದಂತೆ.

ನಮ್ಮ ಯಜಮಾನರು ತಮ್ಮನ್ನು ತಾವು ದೊಡ್ಡ ಬೇಟೆಗಾರರೆಂದು ತಿಳಿದವರು. ಪ್ರಾಯದಲ್ಲಿ ಒಂದು ಮೊಲ ಹೊಡೆದಿದ್ದರು. ಆ ಮೊಲ ವರ್ಷದಿಂದ ವರ್ಷಕ್ಕೆ ಬೆಳೆಯುತ್ತ ಬಂದು ಈಗ ಕರುವಿನಷ್ಟಾಗಿದೆ. ಕುಕನೂರು ಕಡೆಯಿಂದ ಹಂದಿ ಹಿಡಿಯುವ ಬಲೆಯವರನ್ನು ಇವರೇ ಕರೆಸಿದರು. "ಹಂದಿ ಗುಡ್ಡದ ಕಡಿಂದನ ಬರತೈತಿ, ನಾ ಹಗಲೆಲ್ಲಾ ಹೊಲಾ ಕಾಯತೀನಿ, ನನಗ ಗೊತ್ತಿಲ್ಲನು?" ಎಂದರು. ಬಲೆಯವರು ಗುಡ್ಡದ ಕಡೆ ಬಲೆ ಒಡ್ಡಿ ಕೂತರು, ರೊಟ್ಟಿ ತಿಂದರು, ಹೋದರು. ಇನ್ನೊಮ್ಮೆ ಬಂದು ಇನ್ನೊಮ್ಮೆ ತಿಂದು ಹೋದರು. ಮತ್ತೆ ಕರೆದಾಗ ಅವರ ಹಿರಿಯ ಫೋನಿನಲ್ಲೇ ಹೇಳಿದ: "ಯಜಮಾನ್ರ, ಮದಲ ಹಂದಿ ದಾರಿ ತೋರಸ್ರಿ. ಆಮ್ಯಾಲ ಬಲೆ ತರತೀವಿ."

ಆಗ ಸೊಸೆ ಮೊಬೈಲು ಹಿಡಿದುಕೊಂಡು ಬಂದಳು. "ಅತ್ತಿ, ಬ್ಯಾಟಿ ಕ್ಯಾಮೆರಾ ಅಂತ ಸಿಗತಾವು, ಬ್ಯಾಟಿ ಆಡವ್ರು ಅಡವ್ಯಾಗ ಕಟ್ಟತಾರಂತ. ಮರಕ್ಕ ಕಟ್ಟಿ ಬಂದ್ರ ಆತು, ಮುಂದ ಏನರ ಹಾದ್ರ ತಾನ ಫೋಟೋ ಹೊಡಿತೈತಿ."

"ಹಂಗಾರ ನಿನಗಿಂತ ಛಲೋ ಕೆಲಸ ಮಾಡತೈತಿ. ತರೂಣು."

ಅವಳು ಮೊದಲು ತೋರಿಸಿದ್ದಕ್ಕೆ ಸಿಮ್ಮು ಹಾಕಬೇಕು. ಹಂದಿ ಬಂದ ಕೂಡಲೇ ಫೋಟೋ ಮನೆಗೇ ಬರುತ್ತದಂತೆ. ನಮ್ಮ ಹೊಲದಲ್ಲಿ ಬದುವಿನ ಮೇಲೆ ನಿಂತು ಕೂಗಿದರೂ ಫೋನು ಹತ್ತುವುದಿಲ್ಲ, ಅದನ್ನು ಬಿಟ್ಟೆವು. ಇನ್ನೊಂದಕ್ಕೆ ಕರೆಂಟು ಬೇಕು. ಕರೆಂಟು ಬರುವ ಹೊತ್ತು ಹಂದಿಗೆ ಹೇಳುವವರು ಯಾರು? ಅದನ್ನೂ ಬಿಟ್ಟೆವು. ಉಳಿದದ್ದು ಸೆಲ್ಲು ಹಾಕುವಂಥದು. ಕಣ್ಣಿಂದ ನೋಡದೆ ನಾನು ಬದನೆಕಾಯಿಯನ್ನೂ ಕೊಳ್ಳುವವಳಲ್ಲ. ಮೂವರೂ ಬಸ್ಸು ಹತ್ತಿ ಕೊಪ್ಪಳಕ್ಕೆ ಹೋದೆವು.

ಅಂಗಡಿಯವನು ಎರಡು ಡಬ್ಬಿ ತೆಗೆದಿಟ್ಟ. ಎರಡೂ ಮರದ ತೊಗಟೆಯ ಬಣ್ಣ. "ಇದನ್ನ ಕಟ್ಟಿದ್ರ ಹಂದಿಗೆ ಎದುರು ನಿಂತರೂ ಕಾಣೂದಿಲ್ಲ್ರಿ" ಎಂದ. ಒಂದು ಅಗ್ಗ, ಇನ್ನೊಂದು ತುಸು ತುಟ್ಟಿ.

"ಎರಡಕ್ಕೂ ಏನ ಫರಕು?"

"ಅಗ್ಗದ್ದು ಒಂಚೂರು ನಿಧಾನ ಐತ್ರಿ ಯವ್ವಾ."

"ನಿಧಾನ ಅಂದ್ರ? ನಮ್ಮನಿಯವರಷ್ಟೋ, ಅದಕ್ಕಿಂತ ಜಾಸ್ತಿನೋ?"

ಅವನು ನಕ್ಕ. ನಾನು ನಗಲಿಲ್ಲ. ಎರಡನ್ನೂ ಸ್ಟೂಲಿನ ಮೇಲೆ ಚಾಲೂ ಮಾಡಿ ಇಡಿಸಿ ಯಜಮಾನರ ಕಡೆ ತಿರುಗಿದೆ.

"ಹಂದಿ ಹಂಗ ಹಾದು ಹೋಗ್ರಿ."

"ಏ, ತಲಿ ಕೆಟ್ಟೈತೇನ ನಿಂದು? ಮಂದಿ ಅದಾರ!"

"ಮಂದಿ ಶೇಂಗಾ ತಂದ ಕೊಡತಾರನು? ಬಗ್ಗರಿ."

ಮೊಣಕಾಲು ನೋವು, ಮಾನ ಮರ್ಯಾದೆ ಎಂದು ಗೊಣಗುತ್ತಲೇ ಧೋತರ ಎತ್ತಿ ಕಟ್ಟಿ, ಅಂಗೈ ಊರಿ, ಸ್ಟೂಲಿನ ಮುಂದೆ ಸರಸರ ಹಾದುಹೋದರು. ಗಿರಾಕಿಗಳೆಲ್ಲ ಮಿಕ್ಸರು, ಟಾರ್ಚು ಬಿಟ್ಟು ಇದನ್ನೇ ನೋಡಿದರು. ಮನೆಯಲ್ಲಿ ಬಿದ್ದ ಚಮಚ ಎತ್ತಲೂ ಬಗ್ಗದ ಮನುಷ್ಯ ಇಷ್ಟು ಚಂದ ತೆವಳುವುದನ್ನು ಯಾವಾಗ ಕಲಿತರೋ ಎಂದು ನನಗೆ ಅಲ್ಲೇ ಒಂದು ಮಾತು ಬಂತು. ಆದರೆ ಕ್ಯಾಮೆರಾದ ಗದ್ದಲದಲ್ಲಿ ಅದನ್ನು ಕೇಳುವುದೇ ಮರೆತೆ.

ಅಗ್ಗದ್ದರಲ್ಲಿ ಬಂದದ್ದು ಧೋತರದ ಹಿಂಬದಿ ಮಾತ್ರ. ತುಟ್ಟಿಯದರಲ್ಲಿ ಮೀಸೆ ಸಮೇತ ಪೂರಾ ಮುಖ. "ಬಾಲ ನೋಡಾಕ ರೊಕ್ಕಾ ಕೊಡಬೇಕನು?" ಎಂದು ಎರಡನೆಯದನ್ನೇ ಹಿಡಿದೆ. ಚೌಕಾಸಿ ಮಾಡಿ ಒಂದು ಜೊತೆ ಸೆಲ್ಲು ಪುಕ್ಕಟೆ ಹಾಕಿಸಿಕೊಂಡೆ.

ಹೊಸದಾಗಿ ಮನೆಗೆ ಬಂದದ್ದು ರಂಟೆಯಿರಲಿ, ಟ್ರ್ಯಾಕ್ಟರಿರಲಿ, ಪೂಜೆಯಾಗದೆ ಹೊಲಕ್ಕೆ ಇಳಿಯುವುದಿಲ್ಲ. ಇದಂತೂ ಬೇಟೆಯ ಹತ್ಯಾರ. ಯಜಮಾನರು ಸ್ನಾನ ಮಾಡಿ, ಅದರ ಹಣೆಗೆಂದು ಅಡ್ಡಡ್ಡ ಮೂರು ಬೆರಳು ವಿಭೂತಿ ಬಳಿದು, ನಡುವೆ ಕುಂಕುಮವಿಟ್ಟು, ಚೆಂಡುಹೂವಿನ ಮಾಲೆ ಹಾಕಿ, ಕಾಯಿ ಒಡೆದರು. ನಾನು ಆರತಿ ಬೆಳಗಿದೆ. ಆಮೇಲೆ ಗುಡ್ಡದ ಕಡೆಯ ಬೇವಿನ ಮರಕ್ಕೆ ತಾವೇ ಕಟ್ಟಿ ಬಂದರು.

ವಾರ ಕಳೆದು ಸೊಸೆ ಅದರ ಚೀಟಿಯಂಥ ಕಾರ್ಡು ತೆಗೆದು ಮೊಬೈಲಿಗೆ ಹಾಕಿದಳು. ನೋಡುತ್ತ ನೋಡುತ್ತ ಅವಳ ಮುಖ ಸಣ್ಣದಾಯಿತು.

"ಅತ್ತಿ, ಬರೇ ಚೆಂಡುಹೂವ ಅದಾವು."

ಫೋಟೋ ಲೆಕ್ಕವಿಲ್ಲದಷ್ಟು ಇದ್ದವು. ಗಾಳಿಗೆ ಮಾಲೆ ಅಲ್ಲಾಡಿದಾಗೊಮ್ಮೆ ಅದು ಹೊಡೆದಿತ್ತು. ಹೂವಿನ ಹಿಂದೆ ಎಲ್ಲಾ ಬೆಳ್ಳಗೆ, ಹಾಲಿನಲ್ಲಿ ಅದ್ದಿದಂತೆ. ಎಲ್ಲರೂ ಹಣೆ ಎಂದು ತಿಳಿದು ಪೂಜಿಸಿದ್ದು ಅದರ ಕಣ್ಣನ್ನು. ಕಡೆಯ ಫೋಟೋದಲ್ಲಿ ಮಾತ್ರ ಯಾರದೋ ಮೇಕೆ ಮರಕ್ಕೆ ಕಾಲು ಕೊಟ್ಟು ನಿಂತು ಮಾಲೆ ತಿನ್ನುತ್ತಿತ್ತು. ಆ ವಾರವೂ ಶೇಂಗಾ ಹೋಗಿತ್ತು.

"ದೇವರಿಗೆ ಬಿಟ್ಟ ಕ್ಯಾಮೆರಾ ಅದು, ಹಂದಿ ಹೆಂಗ ಕಾಣತೈತಿ?" ಎಂದು ಸೊಸೆ ಸೆರಗಿನಲ್ಲಿ ನಕ್ಕಳು. ನಾನು ಅದೇ ದಿನ ಅವಳನ್ನು ಕರೆದುಕೊಂಡು ಹೋಗಿ, ಕ್ಯಾಮೆರಾದ ಕಣ್ಣನ್ನು ಒದ್ದೆ ಅರಿವೆಯಿಂದ ಒರೆಸಿದೆ. ಹಾಳಾದ ಸಾಲುಗಳನ್ನು ನೋಡುತ್ತ ನಡೆದೆ. ಎಲ್ಲಾ ಹಳ್ಳದ ಕಡೆಯಿಂದ ಶುರುವಾಗಿದ್ದವು, ಗುಡ್ಡದ ಕಡೆ ಒಂದು ಬುಡವೂ ಎದ್ದಿರಲಿಲ್ಲ. ಹಳ್ಳದ ಬೇಲಿಗೆ ಮುಖ ಮಾಡಿ ಒಂದು ಜಾಲಿ ಮರಕ್ಕೆ ಕಟ್ಟಿಸಿದೆ. ಯಜಮಾನರಿಗೆ ಹೇಳಲಿಲ್ಲ. ಅವರು ಕೇಳಲೂ ಇಲ್ಲ.

ನಾಲ್ಕು ದಿನಕ್ಕೆ ಹಂದಿ ಸಿಕ್ಕಿತು. ಮುಳ್ಳುಬೇಲಿಯ ಬುಡದಲ್ಲಿ ಒಂದು ಕಿಂಡಿ. ಅದರಲ್ಲಿ ತಲೆ ತೂರಿಸಿ ಬರುವ ಹಂದಿ, ಹಿಂದೆ ಮರಿಗಳು. ನನಗೆ ಆದ ಸಂತೋಷ ಹೇಳತೀರದು. ಉಳಿದ ಫೋಟೋ ನೋಡುವಷ್ಟೂ ತಡೆಯದೆ ಬಲೆಯವರಿಗೆ ಫೋನು ಮಾಡಿಸಿದೆ. ಅವರು ಮಾರನೆಯ ದಿನವೇ ಬಂದು ಕಟ್ಟೆಯ ಮೇಲೆ ಕೂತರು. ಯಜಮಾನರು ಮೀಸೆ ತಿರುವುತ್ತ, "ನಾ ಹೇಳಿರಲಿಲ್ಲನು, ಹಂದಿನ ಅಂತ?" ಎಂದು ಮೊಲದ ಕಥೆ ಶುರು ಮಾಡಿದರು. ಸೊಸೆ ಹಿರಿಯನಿಗೆ ಮೊಬೈಲು ಕೊಟ್ಟಳು. ಅವನು ಬೆರಳಿನಿಂದ ಒಂದೊಂದೇ ಫೋಟೋ ಸರಿಸುತ್ತ ಹೋದ. ಹಂದಿ. ಮರಿ. ಹಂದಿ. ಆಮೇಲೆ ಅವನ ಬೆರಳು ನಿಂತಿತು.

ಹಗಲು ಹೊತ್ತಿನ ಫೋಟೋ. ಅದೇ ಕಿಂಡಿ. ಧೋತರ ಎತ್ತಿ ಕಟ್ಟಿ, ಅಂಗೈ ಊರಿ, ಕೊಪ್ಪಳದ ಅಂಗಡಿಯಲ್ಲಿ ಮಾಡಿದ ಹಾಗೇ ತೆವಳುತ್ತ ಹೊರಗೆ ಹೊರಟ ನಮ್ಮ ಯಜಮಾನರು. ಮುಂದಿನದರಲ್ಲಿ ಒಳಗೆ ಬರುತ್ತಿದ್ದಾರೆ, ಬಾಯಲ್ಲಿ ಮಿರ್ಚಿ ಭಜಿಯ ಪೊಟ್ಟಣ ಕಚ್ಚಿಕೊಂಡು. ಹಳ್ಳದಾಚೆ ಕ್ರಾಸಿನಲ್ಲಿ ಚಹಾದ ಅಂಗಡಿಯಿದೆ. ಡಾಕ್ಟರು ಕರಿದದ್ದು ಬೇಡವೆಂದ ಮೇಲೆ ಇವರು ಊರ ಮುಂದಿನ ದಾರಿ ಬಿಟ್ಟು, ನನ್ನ ಬೇಲಿ ಕಡಿದು ಸ್ವಂತ ದಾರಿ ಮಾಡಿಕೊಂಡಿದ್ದರು. ಹಂದಿ ಆ ದಾರಿಯನ್ನು ಬಳಸಿತ್ತು, ಅಷ್ಟೆ. ಎದುರು ನಿಂತರೂ ಕಾಣುವುದಿಲ್ಲ ಎಂದು ಅಂಗಡಿಯವನು ಹೇಳಿದ್ದು ಸುಳ್ಳಲ್ಲ. ಇವರಿಗೂ ಕಂಡಿರಲಿಲ್ಲ.

ಹಿರಿಯ ಮೊಬೈಲನ್ನು ಯಜಮಾನರ ಮುಂದೆ ಹಿಡಿದ. ನಗಲೂ ಇಲ್ಲ ಅವನು.

"ಯಜಮಾನ್ರ, ದಾರಿ ಒಂದ ಐತಿ. ಬಲೆ ಮದಲ ಯಾರಿಗೆ ಒಡ್ಡೂಣ್ರಿ?"

ಯಜಮಾನರು ಫೋಟೋ ನೋಡಿದರು, ನನ್ನನ್ನು ನೋಡಿದರು. "ನಾ ಹಂದಿ ಹುಡುಕ್ಕೋಂತ ಹೋಗಿದ್ದೆ" ಎಂದರು.

"ಹೌದಲ್ಲ. ಬಾಯಾಗ ಕಚಕೊಂಡು ಬಂದೀರಿ" ಎಂದೆ.

ಬೇಟೆ ಅಲ್ಲಿಗೇ ಮುಗಿಯಿತು. "ಕಿಂಡಿ ಮುಚ್ಚಸ್ರಿ ಯವ್ವಾ, ಬಲೆ ಬ್ಯಾಡ" ಎಂದ ಹಿರಿಯ. ಮಾಡಿಟ್ಟಿದ್ದ ರೊಟ್ಟಿಯನ್ನು ಮಾತ್ರ ತಿಂದೇ ಹೋದರು. ಅದೇ ಮಧ್ಯಾಹ್ನ ಯಜಮಾನರ ಕೈಯಿಂದಲೇ ಜಾಲಿಮುಳ್ಳು ಕಡಿಸಿ, ಕಿಂಡಿಗೆ ಒತ್ತೊತ್ತಾಗಿ ತುಂಬಿಸಿದೆ. ಸೊಸೆ ನೀರು ಕೊಟ್ಟಳು, ನಾನು ಅದನ್ನೂ ಕೊಡಲಿಲ್ಲ.

ಸಂಜೆ ಸೊಂಟ ಹಿಡಿದುಕೊಂಡೇ ಬೇವಿನ ಟೊಂಗೆ ಮುರಿದು, ಬೇಲಿಯ ಎರಡೂ ಬದಿಯ ಉಸುಕು ಗುಡಿಸಿ ಬಂದೆ. ಎರಡು ದಿನ ಬಿಟ್ಟು ಹೋಗಿ ನೋಡಿದೆ. ಶೇಂಗಾ ಸಾಲು ಇದ್ದ ಹಾಗೇ ಇತ್ತು. ಬೇಲಿಯ ಆಚೆ ಹಂದಿಯ ಹೆಜ್ಜೆ ಮುಳ್ಳಿನವರೆಗೂ ಬಂದು ಹಳ್ಳದ ಕಡೆ ತಿರುಗಿತ್ತು. ಈಚೆ, ನಮ್ಮ ಹೊಲದ ಒಳಗಿನಿಂದ ಒಂದು ಜೊತೆ ಚಪ್ಪಲಿಯ ಗುರುತು ಮುಳ್ಳಿನವರೆಗೂ ಹೋಗಿ, ಸ್ವಲ್ಪ ಹೊತ್ತು ಅಲ್ಲೇ ತುಳಿದಾಡಿ, ಮನೆಯ ಕಡೆ ತಿರುಗಿತ್ತು.