ಮುನಿರಾಜಣ್ಣ ಹಂಚಿದ ಚಿತ್ರಗಳು

ವಿಡಿಯೋ ಗೇಮ್ ಅಂಗಡಿ ಇಟ್ಟು ಸಂಸಾರ ಸಾಗಿಸಿದ ಮುನಿರಾಜಣ್ಣನಿಗೆ ವಿಡಿಯೋ ಗೇಮ್ ಆಡಲು ಬರುತ್ತಿರಲಿಲ್ಲ. ಕಲಿಯುವ ಆಸೆಯೂ ಇರಲಿಲ್ಲ. ಅವರ ಪ್ರಾಣವೆಲ್ಲ ಕಾಸು ಹಾಕಿ ಆಡುವ ಆ ಆಳೆತ್ತರದ ಪೆಟ್ಟಿಗೆಗಳ ಹೊರಮೈಯ ಚಿತ್ರಗಳ ಮೇಲೆ. ನೆತ್ತಿಯ ಗಾಜಿನಲ್ಲಿ ಬೆಂಕಿ ಉಗುಳುವ ಹಡಗು, ಪಕ್ಕದ ಹಲಗೆಯಲ್ಲಿ ಹಲ್ಲು ಕಿರಿಯುವ ರಾಕ್ಷಸ. "ಒಳಗಿನ ಆಟ ಬರೀ ಚುಕ್ಕಿ ಮೇಡಂ, ಅದ್ರಾಗೇನೈತೆ? ಉಡುಗ್ರು ಒಳಿಕ್ಕೆ ಬತ್ತಿದ್ದಿದ್ದೇ ಈ ರಾಕ್ಷಸನ್ನ ನೋಡಿ" ಎನ್ನುತ್ತಿದ್ದರು.

ಕಾರ್ಖಾನೆಯ ಕೆಲಸಕ್ಕೆಂದು ಹಾವೇರಿ ಕಡೆಯಿಂದ ಕೆಜಿಎಫ್‌ಗೆ ಬಂದ ನಾನು ಆಂಡರ್ಸನ್‌ಪೇಟೆಯ ಅವರ ಮನೆಯ ಮಹಡಿಗೆ ಬಾಡಿಗೆಗೆ ಸೇರಿದಾಗ ಅಂಗಡಿ ಮುಚ್ಚಿ ವರ್ಷಗಳಾಗಿದ್ದವು. ಪೆಟ್ಟಿಗೆಗಳು ಬಂಗಾರಪೇಟೆಯ ಗುಜರಿಗೆ ಹೋಗಿದ್ದವು. ಹೋಗುವ ಮುನ್ನ ಒಂದೊಂದು ಚಿತ್ರವನ್ನೂ ತುಂಡು ತುಂಡಾಗಿ ಸ್ಕ್ಯಾನ್ ಮಾಡಿಸಿ ಕಂಪ್ಯೂಟರಿನಲ್ಲಿ ಜೋಡಿಸಿಟ್ಟುಕೊಂಡಿದ್ದರು. ಆಮೇಲೆ ಅದು ಹುಚ್ಚಾಗಿ ಬೆಳೆಯಿತು. ಯಾವ್ಯಾವುದೋ ದೇಶದವರು ತಮ್ಮಲ್ಲಿದ್ದ ಹಳೆಯ ಚಿತ್ರಗಳನ್ನು ಇವರಿಗೆ ಕಳಿಸುವುದು, ಇವರು ಗೀರು, ಕಲೆ ಅಳಿಸಿ, ಎಲ್ಲವನ್ನೂ ಒಟ್ಟುಮಾಡಿ, ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಇಂಟರ್ನೆಟ್ಟಿಗೆ ಹಾಕುವುದು. ಹೆಂಡತಿ ರತ್ನಕ್ಕ ಊಟಕ್ಕೆ ಕರೆದು ಕರೆದು ಸಾಕಾಗಿ, ಮುದ್ದೆಯ ತಟ್ಟೆಯನ್ನು ಕೀಬೋರ್ಡಿನ ಮೇಲೆಯೇ ಇಟ್ಟುಹೋಗುತ್ತಿದ್ದರು.

"ಇವು ಕಂಪನಿಯವರ ಸ್ವತ್ತಲ್ಲೇನ್ರೀ ಅಣ್ಣಾ? ಅವರನ್ನ ಕೇಳದ ಊರಿಗೆಲ್ಲ ಹಂಚಾಕತ್ತೀರಲ್ಲ" ಎಂದು ಒಮ್ಮೆ ಕೆಣಕಿದೆ.

ಮುನಿರಾಜಣ್ಣ ನಕ್ಕರು. "ಅವ್ರು ಎಸೆದಿದ್ನ ನಾನು ಎತ್ತಿಕ್ಕಂಡಿದೀನಿ. ಬಂದು ಕೇಳ್ಲಿ, ತೆಗೆದಾಕ್ಬುಡ್ತೀನಿ. ಅಷ್ಟೇ ತಾನೆ?"

ಅಷ್ಟೇ ಅಲ್ಲ ಎಂದು ಇಬ್ಬರಿಗೂ ತಿಳಿದದ್ದು ಸೆಲ್ವಿ ಬಂದ ದಿನ.

ಸೆಲ್ವಿ ಪಕ್ಕದ ಚಾಂಪಿಯನ್ ರೀಫ್ಸಿನವಳು, ಪೆಯಿಂಟರ್ ಮಣಿಯ ಮಗಳು. ಚಿನ್ನದ ಗಣಿ ಮುಚ್ಚಿದ ಮೇಲೆ ಅಂಗಡಿಗಳ ಬೋರ್ಡು ಬರೆದು ಬದುಕಿದವನು ಮಣಿ. ಪೆಟ್ಟಿಗೆಗಳ ಚಿತ್ರ ಮಾಸಿದಾಗ ಮುನಿರಾಜಣ್ಣ ಅವನಿಂದಲೇ ಹೊಸದಾಗಿ ಬರೆಸುತ್ತಿದ್ದರಂತೆ. ಪರದೇಶದ ರಾಕ್ಷಸ ಮಣಿಯ ಕೈಗೆ ಸಿಕ್ಕಿದ್ದೇ ಗಣಿಯ ಟೋಪಿ ಹಾಕಿಕೊಂಡು, ಹಣೆಗೆ ದೀಪ ಕಟ್ಟಿಕೊಂಡು ನಿಂತುಬಿಟ್ಟಿದ್ದ. ಆ ರಾಶಿಯಲ್ಲಿ ನನಗೆ ಮನಸಾರೆ ಇಷ್ಟವಾದದ್ದು ಅದೊಂದೇ. ಮಣಿ ತೀರಿಕೊಂಡ ಮೇಲೆ ಅವನ ಚಿತ್ರಗಳನ್ನೂ ಮುನಿರಾಜಣ್ಣ ಹೆಸರು ಸಮೇತ, ಹೆಮ್ಮೆಯಿಂದ, ಸಂಗ್ರಹಕ್ಕೆ ಸೇರಿಸಿದ್ದರು.

ಸೆಲ್ವಿ ತನ್ನ ಫೋನನ್ನು ಮುಂದೆ ಹಿಡಿದಳು. ಯಾವುದೋ ದೇಶದಲ್ಲಿ ಆ ರಾಕ್ಷಸನನ್ನು ಅಂಗಿಗಳ ಮೇಲೆ ಅಚ್ಚು ಹಾಕಿ ಮಾರುತ್ತಿದ್ದರು. ಮಣಿಯ ಹೆಸರನ್ನು ಒರೆಸಿಹಾಕಿದ್ದರು. ಅವಳು ಜಗಳಕ್ಕೆ ಬಂದವಳಲ್ಲ, ಅದೇ ಕಷ್ಟವಾಗಿದ್ದು.

"ನೀವು ಕೆಟ್ಟೋರು ಅಂತ ಹೇಳಲ್ಲ ಅಣ್ಣಾ. ಅಪ್ಪಾ ಇಲ್ಲ ಸರಿ, ನಾನು ಇದೀನಿ ಅಲ್ವಾ? ಇಲ್ಲೇ ಪಕ್ಕದಲ್ಲೇ. ಒಂದು ಮಾತು ಕೇಳೋಕೆ ಆಗ್ಲಿಲ್ವಾ?"

ಎಲ್ಲೆಲ್ಲಿಯವರಿಗೋ ಬರೆದು ಚಿತ್ರ ಕೇಳುತ್ತಿದ್ದ ಮನುಷ್ಯನಿಗೆ ಆಟೋ ಹತ್ತಿ ಚಾಂಪಿಯನ್ ರೀಫ್ಸಿಗೆ ಹೋಗಿಬರಬೇಕು ಅನ್ನಿಸಿರಲಿಲ್ಲ. ಮುನಿರಾಜಣ್ಣ, "ವಾಪಸ್ ತರ್ತೀನಮ್ಮಾ" ಎಂದರು.

ಅಂದೇ ಇಡೀ ಸಂಗ್ರಹವನ್ನು ಇಂಟರ್ನೆಟ್ಟಿನಿಂದ ತೆಗೆದರು. ಆದರೆ ಇಳಿಸಿಕೊಂಡವರು ತಮ್ಮ ತಮ್ಮಲ್ಲಿ ಹಂಚುತ್ತಲೇ ಇದ್ದರು. ಒಬ್ಬೊಬ್ಬರಿಗೂ ಬರೆದು ಮಣಿಯ ಚಿತ್ರಗಳನ್ನು ಅಳಿಸಲು ಹೇಳಬೇಕೆಂದು ಹಠ ಹಿಡಿದರು. ಮಾತು ಅವರದು, ಇಂಗ್ಲಿಷು ನನ್ನದು. "ಕೈ ಮುಗೀತೀನಿ ಅಂತ ಬರೀರಿ ಮೇಡಂ" ಎನ್ನುವರು. ಅದಕ್ಕೆ ಇಂಗ್ಲಿಷಿನಲ್ಲಿ ಏನೂ ಹೊಳೆಯದೆ ನಾನು ಪ್ಲೀಸ್ ಮೇಲೆ ಪ್ಲೀಸ್ ಹಾಕುತ್ತಿದ್ದೆ. ಕೆಲವರು ಅಳಿಸಿದರು. ಹಲವರು ತುಟಿ ಬಿಚ್ಚಲಿಲ್ಲ. ಒಬ್ಬ ಮಾತ್ರ ನೇರವಾಗಿ ಬರೆದ: "ಮಿಕ್ಕ ಚಿತ್ರಗಳನ್ನೆಲ್ಲ ನೀವು ಕೇಳಿ ತಂದಿದ್ದಿರಾ? ನಾನು ಅಳಿಸುವುದಿಲ್ಲ." ನನಗೆ ಮೈಯೆಲ್ಲ ಉರಿಯಿತು. ಓದಿ ಹೇಳಿದಾಗ ಮುನಿರಾಜಣ್ಣ, "ಸರಿಯಾಗೇ ಕೇಳವ್ನೆ ಬುಡಿ" ಎಂದರು. ಆ ವಾರವೇ ತಮ್ಮ ಡಿಸ್ಕಿನಲ್ಲಿದ್ದ ಮಣಿಯ ಚಿತ್ರಗಳನ್ನೂ ಒಂದೂ ಬಿಡದೆ ಅಳಿಸಿದರು. "ಅಳಿಸ್ರಿ ಅಂತ ಊರಿಗೇಳಿ ನಾನಿಟ್ಕೊಂಡ್ರೆ ಎಂಗೆ?"

ಆಮೇಲೆ ಅವರು ಮೊದಲಿನಂತಾಗಲಿಲ್ಲ. ಕಂಪ್ಯೂಟರಿನ ಕಡೆ ಸುಳಿಯುವುದನ್ನೇ ಬಿಟ್ಟರು. "ಓಗಿ ಕುಂತ್ಕಳಿ, ಅಲ್ಲೇ ತಟ್ಟೆ ತಂದಿಕ್ತೀನಿ" ಎಂದು ರತ್ನಕ್ಕನೇ ಗೋಗರೆದರೂ ಏಳುತ್ತಿರಲಿಲ್ಲ. ಎದೆನೋವೆಂದು ಕೋಲಾರದ ಆಸ್ಪತ್ರೆಗೆ ಸೇರಿಸಿದಾಗ ನೋಡಲು ಹೋಗಿದ್ದೆ. ನನ್ನ ಕೈ ಹಿಡಿದುಕೊಂಡು ಕೇಳಿದ್ದು ಒಂದೇ: "ಆ ಉಡ್ಗೀಗೆ ಏನೇಳ್ಲಿ ಮೇಡಂ?" ಅವರು ಮನೆಗೆ ಮರಳಲಿಲ್ಲ. ಇವತ್ತಿಗೂ ಆ ಪ್ರಶ್ನೆ ನೆನಪಾದರೆ ನನಗೆ ಅಳು ಬರುತ್ತದೆ.

ಹನ್ನೊಂದನೆಯ ದಿನದ ಕಾರ್ಯಕ್ಕೆ ಸೆಲ್ವಿ ಬಂದಿದ್ದಳು. ಊಟವಾದ ಮೇಲೆ ರತ್ನಕ್ಕನ ಪಕ್ಕ ಕೂತು ಸಂಕೋಚದಿಂದ ಕೇಳಿದಳು. "ಅಕ್ಕಾ, ಅಣ್ಣನ ಕಂಪ್ಯೂಟರಲ್ಲಿ ಅಪ್ಪಾ ಬರೆದಿದ್ದು ಇರತ್ತಲ್ಲ, ಒಂದು ಕೊಡ್ತೀರಾ? ಗೋಡೆಗೆ ಹಾಕ್ಬೇಕು. ನಮ್ಮ ಮನೇಲಿ ಒಂದೂ ಇಲ್ಲ."

ರತ್ನಕ್ಕ ನನ್ನ ಮುಖ ನೋಡಿದರು. ಅಣ್ಣ ತಮ್ಮಲ್ಲಿದ್ದದ್ದನ್ನೂ ಅಳಿಸಿಬಿಟ್ಟರೆಂದು ನಾನು ಸೆಲ್ವಿಗೆ ಹೇಳಿ, ಕಂಪ್ಯೂಟರ್ ಹಾಕಿ, ಅಳಿಸುವುದಿಲ್ಲ ಎಂದಿದ್ದವನನ್ನು ಹುಡುಕಿದೆ. ಅವನ ಹತ್ತಿರ ಅಷ್ಟೂ ಇದ್ದವು, ಮಣಿಯ ಹೆಸರಿನಲ್ಲೇ. ಒಂದನ್ನು ಇಳಿಸಿ ತೆರೆದೆ. ಸೆಲ್ವಿ ಪರದೆಯ ಹತ್ತಿರ ಬಗ್ಗಿ ಬಹಳ ಹೊತ್ತು ನೋಡಿದಳು. ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಅಣ್ಣ ಹಂಚದೇ ಇದ್ದಿದ್ರೆ ಇದೂ ಇರ್ತಿರ್ಲಿಲ್ಲ ಅಲ್ವಾ ಅಕ್ಕಾ?"

ರತ್ನಕ್ಕ ಗೋಡೆಯ ಕಡೆ ತಿರುಗಿಕೊಂಡರು. "ಈ ಒಂದ್ ಮಾತ್ ಕೇಳ್ಸ್ಕಂಡಾದ್ರೂ ಓಗ್ಬಾರ್ದಿತ್ತಾ ಈಯಪ್ಪ" ಎಂದರು.